ಲಾರಿಯ ಕ್ಲಚ್ ಅವಧಿಗೆ ಮುಂಚೆ ಸವೆದರೆ: ಗೇರ್‌ಬಾಕ್ಸ್ ಇಳಿಸುವ ಮೊದಲು, ಇಳಿಸಿದ ಮೇಲೆ

ಹೊಸ ಕ್ಲಚ್ ಪ್ಲೇಟ್ ಹಾಕಿಸಿಕೊಂಡು ಹೋದ ಲಾರಿ ಕೆಲವೇ ತಿಂಗಳಲ್ಲಿ ‘ಏರಿನಲ್ಲಿ ಎಳೆಯುತ್ತಿಲ್ಲ’ ಎಂದು ವಾಪಸ್ ಬಂದಾಗ ದೂರು ಎರಡು ಕಡೆಗೆ ಹೋಗುತ್ತದೆ. ಪ್ಲೇಟ್ ಕಳಪೆ ಅನ್ನುತ್ತಾರೆ, ಇಲ್ಲವೇ ಡ್ರೈವರ್ ಸರಿಯಿಲ್ಲ ಅನ್ನುತ್ತಾರೆ. ಎರಡೂ ಕೆಲವೊಮ್ಮೆ ನಿಜವೇ. ಆದರೆ ಪೆಡಲ್‌ನಿಂದ ರಿಲೀಸ್ ಬೇರಿಂಗ್‌ವರೆಗೆ (ಪೆಡಲ್ ತುಳಿದಾಗ ಕ್ಲಚ್ ಸ್ಪ್ರಿಂಗನ್ನು ಒತ್ತಿ ಪ್ಲೇಟ್ ಬಿಡಿಸುವ ಬೇರಿಂಗ್) ಇರುವ ದಾರಿಯನ್ನು ಯಾರೂ ನೋಡದೆ ಗೇರ್‌ಬಾಕ್ಸ್ ಇಳಿಸಿಬಿಟ್ಟರೆ, ನಿಜವಾದ ಕಾರಣ ಅಲ್ಲೇ ಉಳಿದು ಹೊಸ ಪ್ಲೇಟನ್ನೂ ತಿನ್ನುತ್ತದೆ. ಬಹಳಷ್ಟು ಕ್ಲಚ್ ದೋಷಗಳಿಗೆ ಉತ್ತರ ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗ್‌ನ ಹೊರಗೇ ಸಿಗುತ್ತದೆ. ಒಳಗಿರುವ ಪುರಾವೆಯಾದರೋ ತೊಳೆಯುವ ಮುನ್ನ ನೋಡಿದವರಿಗಷ್ಟೇ ದಕ್ಕುತ್ತದೆ.

ಸವೆತ ಆಗುವುದು ಯಾವಾಗ

ಕ್ಲಚ್ ಪೂರ್ತಿ ಹಿಡಿದಾಗ ಎಂಜಿನ್ನಿನ ಫ್ಲೈವೀಲ್, ಗೇರ್‌ಬಾಕ್ಸನ್ನು ತಿರುಗಿಸುವ ಪ್ಲೇಟ್, ಅದನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್ ಮೂರೂ ಒಂದೇ ವೇಗದಲ್ಲಿ ಸುತ್ತುತ್ತವೆ. ಆಗ ಪ್ಲೇಟಿನ ಎರಡೂ ಮುಖಕ್ಕೆ ಹೊದಿಸಿದ ಲೈನಿಂಗ್ ಸವೆಯುವುದಿಲ್ಲ. ಪೆಡಲ್ ಪೂರ್ತಿ ತುಳಿದು, ಪ್ಲೇಟ್ ನಿಜಕ್ಕೂ ಬಿಡಿಸಿಕೊಂಡಿದ್ದರೆ ಆಗಲೂ ಸವೆತವಿಲ್ಲ. ಸವೆಯುವುದು ನಡುವಿನ ಹೊತ್ತಿನಲ್ಲಿ, ಒಂದು ಮೇಲ್ಮೈ ಇನ್ನೊಂದರ ಮೇಲೆ ಉಜ್ಜಿಕೊಂಡು ಜಾರುವಾಗ ಮಾತ್ರ. ಹಾಗಾಗಿ ಪತ್ತೆ ಹಚ್ಚಬೇಕಾದ್ದು ಇಷ್ಟೇ: ಆ ಜಾರುವ ಹೊತ್ತನ್ನು ಹಿಗ್ಗಿಸುತ್ತಿರುವುದು ಕಾಲೋ, ಪೈಪಿನಲ್ಲಿ ಸಿಕ್ಕಿಕೊಂಡ ಒತ್ತಡವೋ, ಲೈನಿಂಗ್‌ಗೆ ತಗುಲಿದ ಆಯಿಲ್ಲೋ, ಅಥವಾ ಲಾರಿಯ ಮೇಲಿನ ಹೊರೆಯೋ?

ಜಾರುವುದರಿಂದ ಹುಟ್ಟುವ ಶಾಖ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿಕೊಂಡರೆ ಮುಂದಿನದೆಲ್ಲ ಸುಲಭ. ಒಟ್ಟು 25 ಟನ್ ತೂಗುವ ಲಾರಿ, ಟೈರಿನ ತ್ರಿಜ್ಯ ಅರ್ಧ ಮೀಟರ್, ಮೊದಲ ಗೇರಿನಲ್ಲಿ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಸೇರಿ ಅನುಪಾತ 36 (ಎಂಜಿನ್ 36 ಸುತ್ತಿದರೆ ಚಕ್ರ ಒಂದು ಸುತ್ತು), ಎರಡನೆಯದರಲ್ಲಿ 22 ಅಂದುಕೊಳ್ಳಿ. ಎಂಜಿನ್ 1000 ಆರ್‌ಪಿಎಂನಲ್ಲೇ ಇದ್ದಾಗ ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಹಿಡಿಯುವ ಹೊತ್ತಿಗೆ ಲಾರಿಯ ವೇಗ ಗಂಟೆಗೆ ಸುಮಾರು 5 ಕಿ.ಮೀ. ಇರುತ್ತದೆ. ಸಮತಟ್ಟು ರಸ್ತೆಯಲ್ಲಿ ಎಂಜಿನ್ ವೇಗ ಬದಲಾಗದೆ ಹೊರಟರೆ, ಲಾರಿಗೆ ಎಷ್ಟು ಚಲನಶಕ್ತಿ ಸೇರಿತೋ ಅಷ್ಟೇ ಶಾಖ ಕ್ಲಚ್‌ನಲ್ಲಿ ಹುಟ್ಟುತ್ತದೆ. ಇಲ್ಲಿ ಅದು ಸುಮಾರು 26 ಕಿಲೋಜೌಲ್. ಅದೇ ಲಾರಿಯನ್ನು ಎರಡನೇ ಗೇರಿನಲ್ಲಿ ಎಬ್ಬಿಸಿದರೆ ಸುಮಾರು 70 ಕಿಲೋಜೌಲ್. ವೇಗ ಒಂದೂವರೆ ಪಟ್ಟು ಆದರೆ ಶಾಖ ಎರಡೂಕಾಲು ಪಟ್ಟು ಆಗುವ ವರ್ಗದ ಲೆಕ್ಕ ಇದು. ‘ಖಾಲಿ ಇದ್ದಾಗ ಎರಡನೇ ಗೇರಿನಲ್ಲೇ ಎದ್ದುಬಿಡುತ್ತದೆ, ಲೋಡ್ ಇದ್ದಾಗಲೂ ಹಾಗೇ ಎತ್ತುತ್ತೇನೆ’ ಎನ್ನುವ ಡ್ರೈವರ್ ಪ್ರತಿ ಸಲವೂ ಎರಡೂವರೆ ಪಟ್ಟಿಗಿಂತ ಹೆಚ್ಚು ಶಾಖವನ್ನು ಲೈನಿಂಗ್‌ಗೆ ಕೊಡುತ್ತಿರುತ್ತಾನೆ.

ಏರಿನಲ್ಲಿ ಬ್ರೇಕ್ ಹಿಡಿಯದೆ ಹಾಫ್ ಕ್ಲಚ್‌ನಲ್ಲೇ, ಅಂದರೆ ಪೆಡಲ್ ಅರ್ಧ ಬಿಟ್ಟು, ಲಾರಿಯನ್ನು ನಿಲ್ಲಿಸಿಕೊಳ್ಳುವುದು ಇದಕ್ಕಿಂತ ಕೆಟ್ಟದ್ದು. ಅದೇ 25 ಟನ್ ಲಾರಿ, ನೂರಕ್ಕೆ ಆರು ಏರು, ಮೊದಲ ಗೇರ್, ಎಂಜಿನ್ 800 ಆರ್‌ಪಿಎಂ. ಕ್ಲಚ್ ಸುಮಾರು 200 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಹೊತ್ತು ನಿಂತಿರುತ್ತದೆ, ಅಂದರೆ ಸುಮಾರು 17 ಕಿಲೋವ್ಯಾಟ್ ಶಾಖ. ಹತ್ತು ಸೆಕೆಂಡ್ ಹೀಗೆ ನಿಂತರೆ 170 ಕಿಲೋಜೌಲ್: ಸಮತಟ್ಟಿನಲ್ಲಿ ಆರು ಸಲ ಎದ್ದು ಹೊರಟಷ್ಟು. ಲಾರಿ ಮಾತ್ರ ಒಂದು ಅಡಿಯೂ ಮುಂದೆ ಹೋಗಿಲ್ಲ. ಬೆಲ್ ಹೌಸಿಂಗ್ ಮುಚ್ಚಿದ ಪೆಟ್ಟಿಗೆ; ಗಾಳಿ ಆಡುವುದು ಕಡಿಮೆ. ಮುಂದಿನ ಸಿಗ್ನಲ್‌ಗೆ ಮುನ್ನ ಆ ಶಾಖ ಹೊರಹೋಗಿರುವುದಿಲ್ಲ.

ಹೊರೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ. ಹೆಚ್ಚು ಲೋಡ್ ಹಾಕಿದರೆ ಕ್ಲಚ್ ಓಟದ ನಡುವೆ ಜಾರಿಹೋಗುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಸುಸ್ಥಿತಿಯ ಕ್ಲಚ್ ಹಾಗೆ ಜಾರುವುದಿಲ್ಲ. ಅದನ್ನು ಅಳೆದಿರುವುದು ಎಂಜಿನ್ನಿನ ಗರಿಷ್ಠ ಟಾರ್ಕ್‌ಗೆ; ಮೇಲೆ ಎಷ್ಟು ಟನ್ ಇದ್ದರೂ ಎಂಜಿನ್ ಅದಕ್ಕಿಂತ ಹೆಚ್ಚು ಕೊಡಲಾರದು. ಅತಿಭಾರ ಕ್ಲಚ್ಚನ್ನು ಕೊಲ್ಲುವುದು ಲಾರಿ ಎದ್ದು ಹೊರಡುವಾಗ, ಜಾರುವ ಹೊತ್ತನ್ನು ಹಿಗ್ಗಿಸಿ. ಓಟದ ನಡುವೆಯೇ ಜಾರುತ್ತಿದೆ ಅಂದರೆ ಒತ್ತುವ ಬಲ ಕಡಿಮೆಯಾಗಿದೆ, ಇಲ್ಲವೇ ಲೈನಿಂಗ್‌ಗೆ ಎಣ್ಣೆ ತಗುಲಿದೆ, ಇಲ್ಲವೇ ಯಾರೋ ಎಂಜಿನ್ನಿನ ಇಂಧನ ಹೆಚ್ಚಿಸಿ ಟಾರ್ಕ್ ಏರಿಸಿದ್ದಾರೆ. ಈ ಮೂರನೆಯದನ್ನು ಕೇಳದೆ ಯಾರೂ ಹೇಳುವುದಿಲ್ಲ. ಕೇಳಿ.

ನಿಜವಾಗಿಯೂ ಬೇಗ ಸವೆದಿದೆಯೇ

ಕಿಲೋಮೀಟರ್ ಒಂದನ್ನೇ ನೋಡಿ ತೀರ್ಪು ಕೊಡಬೇಡಿ. ಹೆದ್ದಾರಿಯಲ್ಲಿ ದಿನವಿಡೀ ಟಾಪ್ ಗೇರಿನಲ್ಲಿ ಓಡುವ ಲಾರಿಗೂ ಊರೊಳಗೆ ಅಂಗಡಿಯಿಂದ ಅಂಗಡಿಗೆ ಸರಕು ಇಳಿಸುವ ಲಾರಿಗೂ, ಕ್ವಾರಿಯಲ್ಲಿ ರಿವರ್ಸ್ ಹೊಡೆಯುತ್ತಲೇ ಇರುವ ಟಿಪ್ಪರ್‌ಗೂ ಕ್ಲಚ್ ಬಾಳಿಕೆ ಹಲವು ಪಟ್ಟು ವ್ಯತ್ಯಾಸ ಆಗುತ್ತದೆ. ಹೋಲಿಸಬೇಕಾದ್ದು ಅದೇ ದಾರಿ, ಅದೇ ಹೊರೆ, ಅದೇ ಮಾದರಿಯ ಇನ್ನೊಂದು ಲಾರಿಯೊಂದಿಗೆ. ಅಂಥ ಎಲ್ಲ ಲಾರಿಗಳಲ್ಲೂ ಬೇಗ ಸವೆಯುತ್ತಿದ್ದರೆ ಅದು ದಾರಿಯ, ಹೊರೆಯ, ಅಥವಾ ಆ ಕೆಲಸಕ್ಕೆ ಹೊಂದದ ಗೇರ್ ಅನುಪಾತದ ಪ್ರಶ್ನೆ. ಒಂದರಲ್ಲಿ ಮಾತ್ರ ಸವೆಯುತ್ತಿದ್ದರೆ ಆ ಲಾರಿಯನ್ನು ಬಿಚ್ಚಿ ನೋಡಬೇಕು. ಲಾರಿ ಬದಲಾದರೂ ಒಬ್ಬನೇ ಡ್ರೈವರ್‌ನ ಹಿಂದೆಯೇ ಸವೆತ ಹೋಗುತ್ತಿದ್ದರೆ ಉತ್ತರ ಆಗಲೇ ಸಿಕ್ಕಿದೆ.

ರಸ್ತೆಯ ಮೇಲೆ ಮೊದಲ ಪರೀಕ್ಷೆ

‘ಪಿಕಪ್ ಇಲ್ಲ’ ಎನ್ನುವ ದೂರು ಕ್ಲಚ್‌ನದೇ ಆಗಬೇಕಿಲ್ಲ. ಮುಚ್ಚಿಹೋದ ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್, ಸೋರುವ ಟರ್ಬೊ ಪೈಪ್, ಇವೂ ಇದೇ ಮಾತು ಹೇಳಿಸುತ್ತವೆ. ವ್ಯತ್ಯಾಸ ಮೀಟರಿನಲ್ಲಿ ಕಾಣುತ್ತದೆ. ಲೋಡ್ ಇರುವ ಲಾರಿಯನ್ನು ಸಮತಟ್ಟು ಅಥವಾ ಸ್ವಲ್ಪ ಏರು ಇರುವ ಖಾಲಿ ರಸ್ತೆಯಲ್ಲಿ ಮೇಲಿನ ಗೇರಿಗೆ ಹಾಕಿ, ಎಂಜಿನ್ ತನ್ನ ಗರಿಷ್ಠ ಟಾರ್ಕ್ ಕೊಡುವ ವೇಗದಲ್ಲಿದ್ದಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಲಾರಿಗಳ ಡೀಸೆಲ್ ಎಂಜಿನ್‌ಗಳಲ್ಲಿ ಅದು ಹೆಚ್ಚಾಗಿ 1100ರಿಂದ 1500 ಆರ್‌ಪಿಎಂ ನಡುವೆ ಇರುತ್ತದೆ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಎರಡೂ ಒಟ್ಟಿಗೆ ನಿಧಾನವಾಗಿ ಏರಿದರೆ ಎಂಜಿನ್ ಕಡೆಗೆ ಹೋಗಿ. ಕ್ಲಚ್ ಜಾರುವಿಕೆ ಮೊದಲು ತೋರುವುದು ಯಾವಾಗಲೂ ಮೇಲಿನ ಗೇರಿನಲ್ಲಿ.

ಹ್ಯಾಂಡ್ ಬ್ರೇಕ್ ಹಾಕಿ, ಮೇಲಿನ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ನಿಲ್ಲುತ್ತದೆಯೇ ಎಂದು ನೋಡುವ ಹಳೆಯ ಪದ್ಧತಿಯೂ ಇದೆ. ನನಗೆ ಅದರ ಮೇಲೆ ಅಷ್ಟು ಒಲವಿಲ್ಲ. ಪೂರ್ತಿ ಹೋಗಿರುವ ಕ್ಲಚ್ಚನ್ನಷ್ಟೇ ಅದು ಹಿಡಿಯುತ್ತದೆ, ಆಗತಾನೆ ಜಾರಲು ತೊಡಗಿದ್ದನ್ನು ಬಿಟ್ಟುಬಿಡುತ್ತದೆ. ಮಾಡಲೇಬೇಕಿದ್ದರೆ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಮುಂದೆ ಹಿಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಒಮ್ಮೆ ಮಾತ್ರ ಮಾಡಿ. ಎರಡನೇ ಸಲಕ್ಕೆ ನೀವೇ ಲೈನಿಂಗ್ ಸುಡುತ್ತಿರುತ್ತೀರಿ.

ಕ್ಲಚ್ ಪೂರ್ತಿ ಬಿಡಿಸಿಕೊಳ್ಳದೆ ಪ್ಲೇಟ್ ಅಂಟಿಕೊಂಡೇ ಎಳೆಯುವುದು ಬೇರೆ ರೋಗ. ಎಂಜಿನ್ ಐಡಲ್‌ನಲ್ಲಿರುವಾಗ ಪೆಡಲ್ ಪೂರ್ತಿ ತುಳಿದು, ಗೇರ್‌ಬಾಕ್ಸ್ ಒಳಗಿನ ತಿರುಗಾಟ ನಿಲ್ಲುವವರೆಗೆ ಕೆಲವು ಸೆಕೆಂಡ್ ಕಾದು, ರಿವರ್ಸ್ ಹಾಕಿ. ಕರಕರ ಎಂದರೆ ಪ್ಲೇಟ್ ಇನ್ನೂ ತಿರುಗುತ್ತಿದೆ. ಹೈಡ್ರಾಲಿಕ್ ಫ್ಲೂಯಿಡ್‌ನಲ್ಲಿ ಗಾಳಿ, ಪೆಡಲ್ ಹಗುರ ಮಾಡುವ ಬೂಸ್ಟರ್‌ನ ರಾಡ್ ಸಾಕಷ್ಟು ದೂರ ಸರಿಯದಿರುವುದು, ಸೊಟ್ಟಗಾದ ಪ್ಲೇಟ್, ತುಕ್ಕು ಹಿಡಿದ ಸ್ಪ್ಲೈನ್ (ಪ್ಲೇಟ್ ಜಾರುವ ಶಾಫ್ಟ್ ಮೇಲಿನ ಹಲ್ಲುಗಳು), ಆ ಶಾಫ್ಟಿನ ತುದಿ ಹಿಡಿಯುವ ಪೈಲಟ್ ಬೇರಿಂಗ್ ಕಚ್ಚಿಕೊಂಡಿರುವುದು ಇದರ ಕಾರಣಗಳು. ಇದರಿಂದ ಮೊದಲು ಹಾಳಾಗುವುದು ಗೇರ್‌ಬಾಕ್ಸ್‌ನ ಸಿಂಕ್ರೊ (ಗೇರ್ ಬೀಳುವ ಮೊದಲು ವೇಗ ಸರಿಹೊಂದಿಸುವ ಭಾಗ), ಲೈನಿಂಗ್ ಆಮೇಲೆ.

ಪೆಡಲ್‌ನಿಂದ ಬೂಸ್ಟರ್‌ವರೆಗೆ

ಅತಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ಅತಿ ಕಡಿಮೆ ಸಮಯ ಸಿಗುವುದೂ ಇದಕ್ಕೇ, ಏಕೆಂದರೆ ಇಲ್ಲಿ ಬಿಚ್ಚಿ ತೋರಿಸುವಂಥ ದೊಡ್ಡ ಸಾಮಾನು ಯಾವುದೂ ಇಲ್ಲ.

ಮೊದಲು ಪೆಡಲ್ ಪ್ಲೇ. ಪೆಡಲ್ಲನ್ನು ಕೈಯಲ್ಲಿ ಒತ್ತಿ, ಕಾಲಿನಲ್ಲಿ ಬೇಡ. ಮೊದಲ ಕೆಲವು ಮಿಲಿಮೀಟರ್ ಸಡಿಲವಾಗಿ ಹೋಗಿ, ಆಮೇಲೆ ಬಿಗಿ ಸಿಗಬೇಕು. ಕೇಬಲ್ ಅಥವಾ ರಾಡ್‌ನಿಂದ ಕೆಲಸ ಮಾಡುವ ಕ್ಲಚ್‌ಗಳಲ್ಲಿ ಲೈನಿಂಗ್ ಸವೆದಂತೆ ಈ ಪ್ಲೇ ಕಡಿಮೆಯಾಗುತ್ತ ಬರುತ್ತದೆ. ಅದು ಪೂರ್ತಿ ಮುಗಿದ ದಿನದಿಂದ ರಿಲೀಸ್ ಬೇರಿಂಗ್ ಸದಾ ಸ್ಪ್ರಿಂಗನ್ನು ಒತ್ತಿಕೊಂಡೇ ಇರುತ್ತದೆ, ಒತ್ತುವ ಬಲ ಇಳಿಯುತ್ತದೆ, ಜಾರುವಿಕೆ ಆರಂಭವಾಗುತ್ತದೆ, ಜಾರಿದಷ್ಟೂ ಸವೆದು ಬೇರಿಂಗ್ ಇನ್ನಷ್ಟು ಒತ್ತುತ್ತದೆ. ಅರ್ಧ ಬಾಳಿಕೆ ಇನ್ನೂ ಉಳಿದಿದ್ದ ಪ್ಲೇಟನ್ನು ಒಂದು ನಟ್ ತಿರುಗಿಸದೆ ಸುಟ್ಟುಹಾಕುವ ದಾರಿ ಇದು.

ಹೈಡ್ರಾಲಿಕ್ ಇರುವಲ್ಲಿ ಪ್ಲೇ ಎಂದರೆ ಪೆಡಲ್ ತುಳಿದಾಗ ಫ್ಲೂಯಿಡ್ ತಳ್ಳುವ ಮಾಸ್ಟರ್ ಸಿಲಿಂಡರ್‌ನ ಪುಶ್‌ರಾಡ್‌ಗೂ ಪಿಸ್ಟನ್‌ಗೂ ನಡುವೆ ಇರುವ ತೀರಾ ಸಣ್ಣ ಸಂದು. ಸಂದು ಸಣ್ಣದಾದರೂ ಅದರ ಕೆಲಸ ದೊಡ್ಡದು. ಪೆಡಲ್ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದರೆ ಮಾತ್ರ ಮಾಸ್ಟರ್ ಸಿಲಿಂಡರ್‌ನಿಂದ ಟ್ಯಾಂಕಿಗೆ ಹೋಗುವ ಸಣ್ಣ ರಂಧ್ರ ತೆರೆದುಕೊಳ್ಳುತ್ತದೆ. ಯಾರೋ ‘ಪೆಡಲ್ ಮೇಲಿನಿಂದಲೇ ಹಿಡಿಯಲಿ’ ಎಂದು ಪುಶ್‌ರಾಡ್ ಉದ್ದ ಮಾಡಿದ್ದರೆ, ಪೆಡಲ್ ರಿಟರ್ನ್ ಸ್ಪ್ರಿಂಗ್ ಸಡಿಲಾಗಿದ್ದರೆ, ಪೆಡಲ್ ಬುಷ್‌ನಲ್ಲಿ ತುಕ್ಕು ಕಚ್ಚಿದ್ದರೆ, ಪಿಸ್ಟನ್ನಿನ ರಬ್ಬರ್ ಕಪ್ ಉಬ್ಬಿದ್ದರೆ, ಆ ರಂಧ್ರ ಮುಚ್ಚಿಯೇ ಇರುತ್ತದೆ. ಆಗ ಪೈಪಿನಲ್ಲಿರುವ ಫ್ಲೂಯಿಡ್‌ಗೆ ಹಿಂದಕ್ಕೆ ಹೋಗಲು ದಾರಿಯಿಲ್ಲ. ಎಂಜಿನ್ ಬಿಸಿಯಾದಂತೆ ಅದು ಹಿಗ್ಗುತ್ತದೆ, ಹಿಗ್ಗಿದ್ದು ಬೂಸ್ಟರ್ ಪಿಸ್ಟನ್ ಮೇಲೆ ಒತ್ತುತ್ತದೆ, ಡ್ರೈವರ್ ಪೆಡಲ್ ಮುಟ್ಟದಿದ್ದರೂ ಕ್ಲಚ್ ಸ್ವಲ್ಪ ತುಳಿದ ಸ್ಥಿತಿಯಲ್ಲೇ ಓಡುತ್ತದೆ.

ಇದರ ಗುರುತು ಸ್ಪಷ್ಟ. ಬೆಳಗ್ಗೆ ತಣ್ಣಗಿದ್ದಾಗ ಲಾರಿ ಚೆನ್ನಾಗಿ ಎಳೆಯುತ್ತದೆ, ಒಂದೆರಡು ಗಂಟೆ ಓಡಿದ ಮೇಲೆ ಜಾರುತ್ತದೆ, ಊಟಕ್ಕೆ ನಿಲ್ಲಿಸಿ ಹೊರಟರೆ ಮತ್ತೆ ಸರಿ. ಸುಟ್ಟ ಲೈನಿಂಗ್ ಕೂಡ ಬಿಸಿಯಲ್ಲಿ ಜಾರಿ ತಣಿದ ಮೇಲೆ ಹಿಡಿಯುವುದುಂಟು. ಎರಡನ್ನೂ ಬೇರ್ಪಡಿಸುವುದು ಪೆಡಲ್ ಪ್ಲೇ. ಬಿಸಿಯಲ್ಲಿ ಜಾರುತ್ತಿರುವಾಗಲೇ ಲಾರಿ ನಿಲ್ಲಿಸಿ ಪೆಡಲ್ ಒತ್ತಿ ನೋಡಿ. ತಣ್ಣಗಿದ್ದಾಗ ಇದ್ದ ಪ್ಲೇ ಈಗ ಮಾಯವಾಗಿದ್ದರೆ ಒತ್ತಡ ಸಿಕ್ಕಿಕೊಂಡಿದೆ. ಖಚಿತ ಮಾಡಿಕೊಳ್ಳಲು, ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು ಎಂಜಿನ್ ನಿಲ್ಲಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಬೂಸ್ಟರ್‌ನ ಏರ್ ತೆಗೆಯುವ ಸ್ಕ್ರೂ ಸ್ವಲ್ಪ ಸಡಿಲಿಸಿ. ಫ್ಲೂಯಿಡ್ ರಭಸದಿಂದ ಚಿಮ್ಮಿ, ಸ್ಕ್ರೂ ಬಿಗಿ ಮಾಡಿ ಓಡಿಸಿದಾಗ ಜಾರುವಿಕೆ ನಿಂತಿದ್ದರೆ ಗೇರ್‌ಬಾಕ್ಸ್ ಇಳಿಸುವ ಮಾತನ್ನು ಸದ್ಯಕ್ಕೆ ಬಿಡಿ. ರೋಗ ಮಾಸ್ಟರ್ ಸಿಲಿಂಡರ್‌ನಲ್ಲಿ ಅಥವಾ ಮಡಿಚಿಕೊಂಡ ಪೈಪಿನಲ್ಲಿದೆ. ಒಳಪದರ ಕಿತ್ತು ಕವಾಟದಂತೆ ಮುಚ್ಚಿಕೊಳ್ಳುವ ಹಳೆಯ ರಬ್ಬರ್ ಹೋಸ್ ಕೂಡ ಇದೇ ಲಕ್ಷಣ ತೋರುತ್ತದೆ. ಹೊರಗಿನಿಂದ ಅದು ಹೊಸದರಂತೆಯೇ ಕಾಣುತ್ತದೆ.

ಕಪ್ ಉಬ್ಬುವುದಕ್ಕೆ ಮುಖ್ಯ ಕಾರಣ ತಪ್ಪು ಫ್ಲೂಯಿಡ್. ಡಾಟ್ 3, ಡಾಟ್ 4 ದರ್ಜೆಯ ಫ್ಲೂಯಿಡ್‌ಗೆ ಮಾಡಿದ ರಬ್ಬರ್‌ಗೆ ಖನಿಜ ಎಣ್ಣೆಯ ಒಂದಿಷ್ಟು ಹನಿ ಬಿದ್ದರೂ ಅದು ಊದಿಕೊಳ್ಳುತ್ತದೆ. ಕೆಲವು ಮಾದರಿಗಳ ಕ್ಲಚ್‌ಗೆ ಖನಿಜ ಎಣ್ಣೆಯನ್ನೇ ಹಾಕಬೇಕು; ಅಲ್ಲಿ ತಪ್ಪು ಇದರ ತಿರುಗುಮುರುಗು. ಟ್ಯಾಂಕಿನ ಮುಚ್ಚಳದ ಮೇಲೆ ಬರೆದಿರುವುದನ್ನು ಓದಿ ಸುರಿಯಿರಿ. ಟ್ಯಾಂಕನ್ನು ಅಂಚಿನವರೆಗೆ ತುಂಬುವುದೂ ಬೇಡ. ಬ್ರೇಕ್‌ನಲ್ಲಿ ಲೈನಿಂಗ್ ಸವೆದಂತೆ ಮಟ್ಟ ಇಳಿಯುತ್ತದೆ. ಕ್ಲಚ್‌ನಲ್ಲಿ ಸವೆದಂತೆ ಸಿಲಿಂಡರ್ ಪಿಸ್ಟನ್ ಹಿಂದಕ್ಕೆ ಸರಿದು ಮಟ್ಟ ಏರುತ್ತದೆ. ಹಾಗಾಗಿ ಕ್ಲಚ್ ಟ್ಯಾಂಕಿನ ಮಟ್ಟ ಇಳಿಯುತ್ತಿದ್ದರೆ ಅದು ಸವೆತ ಅಲ್ಲ, ಸೋರಿಕೆ.

ಇನ್ನು ಏರ್ ಬೂಸ್ಟರ್. ಪೆಡಲ್ ಹಗುರ ಮಾಡುವುದೇ ಅದರ ಕೆಲಸ, ಆ ಹಗುರವೇ ಅದರ ಅಪಾಯ. ಬೂಸ್ಟರ್ ಇಲ್ಲದ ಭಾರೀ ಪೆಡಲ್ ಮೇಲೆ ಕಾಲಿಟ್ಟು ಓಡಿಸುವ ಡ್ರೈವರ್‌ಗೆ ಮೊಣಕಾಲು ನೋಯುತ್ತದೆ, ಕಾಲು ತೆಗೆಯುತ್ತಾನೆ. ಬೂಸ್ಟರ್ ಇದ್ದರೆ ಚಪ್ಪಲಿಯ ಭಾರಕ್ಕೇ ಪ್ಲೇ ಮುಗಿದು ಗಾಳಿ ಸಹಾಯಕ್ಕೆ ಬಂದುಬಿಡಬಹುದು, ಅವನಿಗೆ ಗೊತ್ತೇ ಆಗುವುದಿಲ್ಲ. ಅದಲ್ಲದೆ ಒಳಗಿನ ವಾಲ್ವ್ ಕೊಳೆಯಿಂದ ಕಚ್ಚಿದರೆ ಪೆಡಲ್ ಬಿಟ್ಟ ಮೇಲೂ ಸ್ವಲ್ಪ ಗಾಳಿ ಒಳಗೆ ಉಳಿಯುತ್ತದೆ. ಪೆಡಲ್ ಮುಟ್ಟದಿರುವಾಗ ಬೂಸ್ಟರ್‌ನ ಎಕ್ಸಾಸ್ಟ್ ರಂಧ್ರದಲ್ಲಿ ಸೂಂ ಎಂದು ಗಾಳಿ ಬರುತ್ತಿದ್ದರೆ ವಾಲ್ವ್ ಕೂರುತ್ತಿಲ್ಲ. ಪೆಡಲ್ ತುಳಿದು ಬಿಟ್ಟ ಮೇಲೆ ಪುಶ್‌ರಾಡ್ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿ. ಬಳಿಕ ಬೂಸ್ಟರ್‌ಗೆ ಹೋಗುವ ಗಾಳಿಯನ್ನು ಖಾಲಿ ಮಾಡಿ ನೋಡಿ. ರಾಡ್ ಇನ್ನೂ ಹಿಂದಕ್ಕೆ ಸರಿದರೆ ಸಿಕ್ಕಿಕೊಂಡದ್ದು ಗಾಳಿ, ಫ್ಲೂಯಿಡ್ ಅಲ್ಲ. ಏರ್ ಟ್ಯಾಂಕ್‌ಗಳ ನೀರು ತೆಗೆಯದ ಲಾರಿಗಳಲ್ಲಿ ಈ ಕಾಟ ಹೆಚ್ಚು. ಹಲವು ಬೂಸ್ಟರ್‌ಗಳ ಮೈಮೇಲೆ ಪ್ಲೇಟ್ ಸವೆತ ತೋರಿಸುವ ಸಣ್ಣ ಪಿನ್ ಇರುತ್ತದೆ. ಇದ್ದರೆ ಅದನ್ನೂ ಓದಿಕೊಳ್ಳಿ.

ಕ್ಲಚ್‌ಗೆ ಸಂಬಂಧವೇ ಇಲ್ಲದ ಎರಡು ವಿಷಯ ಇಲ್ಲೇ ಮುಗಿಸಿಬಿಡಿ. ಹ್ಯಾಂಡ್ ಬ್ರೇಕ್ ಬಿಟ್ಟ ಮೇಲೂ ಬ್ರೇಕ್ ಹಿಡಿದೇ ಇದೆಯೇ ಎಂದು ಓಟದ ನಂತರ ಡ್ರಮ್‌ಗಳ ಬಿಸಿ ಹೋಲಿಸಿ ನೋಡಿ. ದೂರದಿಂದ ಅಳೆಯುವ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಟೈರ್ ಅಳತೆ ಅಥವಾ ಡಿಫರೆನ್ಷಿಯಲ್ ಅನುಪಾತ ಬದಲಿಸಿದ್ದರೆ ಮೊದಲ ಗೇರೇ ಎರಡನೇ ಗೇರಿನಂತೆ ಕೆಲಸ ಮಾಡುತ್ತಿರಬಹುದು.

ಡ್ರೈವರ್ ಪಕ್ಕದಲ್ಲಿ ಕೂತು

ದೂರು ಹೊರಿಸದೆ ಒಂದು ಸುತ್ತು ಹೋಗಿ ಬನ್ನಿ. ಯಾವ ಗೇರಿನಲ್ಲಿ ಎಬ್ಬಿಸುತ್ತಾನೆ, ಏರಿನಲ್ಲಿ ಹೇಗೆ ನಿಲ್ಲಿಸಿಕೊಳ್ಳುತ್ತಾನೆ, ಗೋದಾಮಿಗೆ ರಿವರ್ಸ್ ಹಾಕುವಾಗ ಎಷ್ಟು ಹೊತ್ತು ಹಾಫ್ ಕ್ಲಚ್‌ನಲ್ಲಿ ಇರುತ್ತಾನೆ, ಗೇರ್ ಹಾಕಿದ ಮೇಲೆ ಎಡಗಾಲು ಎಲ್ಲಿ ಹೋಗುತ್ತದೆ. ಕಾಲಿಡಲು ಕ್ಯಾಬಿನ್‌ನಲ್ಲಿ ಬೇರೆ ಜಾಗವೇ ಇಲ್ಲದಿದ್ದರೆ ಅವನನ್ನು ಬೈದು ಪ್ರಯೋಜನವಿಲ್ಲ, ಒಂದು ಕಾಲುಮಣೆ ಕೂರಿಸಿ. ಸಿಗ್ನಲ್‌ನಲ್ಲಿ ಗೇರ್ ಹಾಕಿ ಪೆಡಲ್ ಪೂರ್ತಿ ತುಳಿದು ಕೂರುವವನು ಸವೆಸುವುದು ರಿಲೀಸ್ ಬೇರಿಂಗನ್ನು, ಲೈನಿಂಗನ್ನಲ್ಲ. ಈ ಎರಡನ್ನು ಬೆರೆಸಿ ಬೈಯುವವರು ಬಹಳ.

ಬಿಚ್ಚಿದ ಮೇಲೆ: ತೊಳೆಯಬೇಡಿ

ಮೊದಲ ಎಚ್ಚರಿಕೆ ದೂಳಿನದು. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದು. ಬೆಲ್ ಹೌಸಿಂಗ್‌ಗೆ ಏರ್ ಹೊಡೆಯಬೇಡಿ. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ. ಅದಕ್ಕೂ ಮುನ್ನ ಎಲ್ಲವನ್ನೂ ಇದ್ದಂತೆಯೇ ಫೋಟೋ ತೆಗೆದಿಟ್ಟುಕೊಳ್ಳಿ. ಪ್ಲೇಟಿನ ಯಾವ ಮುಖ ಫ್ಲೈವೀಲ್ ಕಡೆಗಿತ್ತು ಎಂದು ಗುರುತು ಹಾಕಿ.

ಪ್ರೆಷರ್ ಪ್ಲೇಟ್ ಮತ್ತು ಫ್ಲೈವೀಲ್‌ನ ಬಣ್ಣ ನೋಡಿ. ಬಿಸಿಯಾದ ಉಕ್ಕು ಸುಮಾರು 220–230 ಡಿಗ್ರಿಯಲ್ಲಿ ತಿಳಿ ಹಳದಿ, 280ರ ಹತ್ತಿರ ನೇರಳೆ, 300ರ ಹತ್ತಿರ ನೀಲಿ ಆಗುತ್ತದೆ. ಬೀಡುಕಬ್ಬಿಣದಲ್ಲಿ ಲೆಕ್ಕ ಇಷ್ಟು ಖಚಿತವಲ್ಲ, ಆದರೂ ನೀಲಿ ಮಚ್ಚೆ ಕಂಡರೆ ಮೇಲ್ಮೈ ಮುನ್ನೂರರ ಆಸುಪಾಸಿಗೆ ಹೋಗಿತ್ತು ಎಂದು ತಿಳಿಯಬಹುದು. ಸಾಧಾರಣ ಲೈನಿಂಗ್‌ನ ಅಂಟು ಕೆಡಲು ತೊಡಗುವುದೂ ಅಲ್ಲೇ. ಕಪ್ಪು ಗಟ್ಟಿ ಚುಕ್ಕೆಗಳಿದ್ದರೆ ಆ ಜಾಗಗಳು ಇನ್ನೂ ಬಹಳ ಹೆಚ್ಚು ಕಾದು ತಟ್ಟನೆ ತಣಿದು ಗಡುಸಾಗಿವೆ. ಅವನ್ನು ಎಮರಿ ಕಾಗದದಲ್ಲಿ ಉಜ್ಜಿ ಮತ್ತೆ ಬಳಸಿದರೆ ಹೊರಡುವಾಗ ಲಾರಿ ನಡುಗುತ್ತದೆ.

ಎರಡೂ ಮುಖ ಸಮನಾಗಿ ರಿವೆಟ್‌ವರೆಗೆ ಸವೆದು, ಎಲ್ಲೂ ನೀಲಿ ಇಲ್ಲದಿದ್ದರೆ ಆ ಪ್ಲೇಟ್ ತನ್ನ ಕೆಲಸ ಮುಗಿಸಿದೆ. ದೋಷ ಹುಡುಕುವ ಬದಲು ಅದು ಎಷ್ಟು ಸಲ ಎದ್ದು ಹೊರಟಿದೆ ಎಂದು ಯೋಚಿಸಿ. ಎರಡೂ ಮುಖ ಸುಟ್ಟು ಪುಡಿಯಾಗುತ್ತಿದ್ದು, ಡಯಾಫ್ರಾಮ್ ಬೆರಳುಗಳ (ರಿಲೀಸ್ ಬೇರಿಂಗ್ ಒತ್ತುವ ಸ್ಪ್ರಿಂಗ್ ಪಟ್ಟಿಗಳು) ತುದಿ ಕನ್ನಡಿಯಂತೆ ಹೊಳೆದು ಗುಳಿಬಿದ್ದಿದ್ದರೆ, ಬೇರಿಂಗ್ ಸದಾ ಒತ್ತಿಕೊಂಡೇ ಇತ್ತು: ಮೇಲೆ ಹೇಳಿದ ಒತ್ತಡ ಅಥವಾ ಪೆಡಲ್ ಮೇಲಿನ ಕಾಲು. ಬೇರಿಂಗ್ ಸದಾ ಹಗುರವಾಗಿ ತಾಗಿಕೊಂಡೇ ಇರುವಂತೆ ಮಾಡಿದ ಕ್ಲಚ್‌ಗಳಲ್ಲಿ ಬರೀ ಹೊಳಪು ಸಹಜ. ಅಲ್ಲಿ ಗುಳಿಯ ಆಳ ನೋಡಿ. ಸುಟ್ಟಿದ್ದರೂ ಬೆರಳುಗಳು ಚೆನ್ನಾಗಿದ್ದರೆ ಕಾರಣ ಹೊರಡುವ ರೀತಿಯಲ್ಲಿ ಅಥವಾ ಹೊರೆಯಲ್ಲಿದೆ. ಒತ್ತಡ ಅಥವಾ ಪೆಡಲ್ ಮೇಲಿನ ಕಾಲು ಒಂದು ಕಡೆ, ಹೊರಡುವ ರೀತಿ ಅಥವಾ ಹೊರೆ ಇನ್ನೊಂದು ಕಡೆ; ಸಂಶಯವಿದ್ದಲ್ಲಿ ಯಾವ ಕಡೆ ಎಂದು ನಿರ್ಧರಿಸಿಕೊಡುವುದು ಈ ಬೆರಳುಗಳೇ. ಬೆರಳುಗಳು ಒಂದೇ ಪಕ್ಕದಲ್ಲಿ ಹೆಚ್ಚು ಸವೆದಿದ್ದರೆ ಬೇರಿಂಗನ್ನು ತಳ್ಳುವ ಫೋರ್ಕಿನ ಬುಷ್ ಅಥವಾ ಬೇರಿಂಗ್ ಜಾರುವ ಕೊಳವೆ ಸವೆದು ಬೇರಿಂಗ್ ಓರೆಯಾಗಿದೆ.

ಒಂದು ಮುಖ ಮಾತ್ರ ಸವೆದಿದ್ದರೆ ಮೊದಲು ಪ್ಲೇಟ್ ಹಬ್ಬನ್ನು ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಮೇಲೆ ಕೈಯಲ್ಲಿ ಜಾರಿಸಿ ನೋಡಿ. ಎಲ್ಲಾದರೂ ಕಚ್ಚಿದರೆ, ಪೆಡಲ್ ತುಳಿದಾಗ ಪ್ಲೇಟ್ ಆ ಮುಖದಿಂದ ದೂರ ಸರಿಯುತ್ತಿರಲಿಲ್ಲ. ಕಚ್ಚದಿದ್ದರೆ ಆ ಕಡೆಯ ಲೋಹದ ಮೇಲ್ಮೈ ಗೀರುಬಿದ್ದಿದೆಯೇ, ಓರೆಯಾಗಿದೆಯೇ ನೋಡಿ.

ಎಣ್ಣೆಯ ಗುರುತು ಕಂಡರೆ ಎಲ್ಲಿಂದ ಬಂತೆಂದು ತಿಳಿಯದೆ ಹೊಸ ಪ್ಲೇಟ್ ಹಾಕಬೇಡಿ. ಫ್ಲೈವೀಲ್ ಹಿಂದೆ, ಕ್ರ್ಯಾಂಕ್‌ಶಾಫ್ಟ್ ನಡುವಿನಿಂದ ಹೊರಕ್ಕೆ ಚಿಮ್ಮಿದ ಕಪ್ಪು ಎಣ್ಣೆ ಎಂಜಿನ್ನಿನ ಹಿಂದಿನ ಆಯಿಲ್ ಸೀಲ್‌ನದು. ಗೇರ್‌ಬಾಕ್ಸ್ ಕಡೆಯಿಂದ ಇಳಿದು, ಗಂಧಕದ ಘಾಟು ಹೊಡೆಯುವುದು ಇನ್‌ಪುಟ್ ಶಾಫ್ಟ್ ಸೀಲ್‌ನದು. ಪ್ಲೇಟಿನ ಹಬ್‌ನಿಂದ ಸುತ್ತಲೂ ಕಿರಣಗಳಂತೆ ಹರಡಿದ ಮಂದವಾದ ಜಿಡ್ಡು ಕಳೆದ ಸಲ ಸ್ಪ್ಲೈನ್‌ಗೆ ಧಾರಾಳವಾಗಿ ಬಳಿದ ಗ್ರೀಸ್. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲ್‌ನಲ್ಲಿ ತೊಳೆದು ಒಣಗಿಸಿ ಹಾಕುವವರಿದ್ದಾರೆ. ಬಿಸಿಯಾದ ಕೂಡಲೇ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ.

ಲೈನಿಂಗ್ ಸವೆಯದೆ ಚೂರುಚೂರಾಗಿ ಹಾರಿಹೋಗಿದ್ದರೆ ಅದು ಬೇರೆಯೇ ಕಥೆ. ಇಳಿಜಾರಿನಲ್ಲಿ ಕೆಳಗಿನ ಗೇರ್ ಹಾಕಿ ಕ್ಲಚ್ ತುಳಿದುಕೊಂಡೇ ಲಾರಿ ಬಿಟ್ಟರೆ ಪ್ಲೇಟನ್ನು ತಿರುಗಿಸುವುದು ಚಕ್ರಗಳು, ಎಂಜಿನ್ ಅಲ್ಲ. ಮೇಲಿನ ಲೆಕ್ಕದ ಲಾರಿಯೇ ಎರಡನೇ ಗೇರಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಪ್ಲೇಟ್ ಸುಮಾರು 7,000 ಆರ್‌ಪಿಎಂ ಸುತ್ತುತ್ತದೆ, ಮೊದಲನೆಯದರಲ್ಲಿ 11,000 ದಾಟುತ್ತದೆ. ಲಾರಿಯ ಡೀಸೆಲ್ ಎಂಜಿನ್‌ಗೆ 2,500 ಸುತ್ತೇ ಹೆಚ್ಚು. ಪ್ಲೇಟ್ ಸಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ಅದಕ್ಕೆ ಪ್ಲೇಟ್ ತಯಾರಿಸಿದವರನ್ನು ದೂರುವಂತಿಲ್ಲ.

ಪ್ಲೇಟಿನ ನಡುವೆ ಧಕ್ಕೆ ತಡೆಯುವ ಡ್ಯಾಂಪರ್ ಸ್ಪ್ರಿಂಗ್ ಮುರಿದಿದ್ದರೆ, ಕಾರಣ ಪೆಡಲ್ಲಿನಿಂದ ಕಾಲು ಜಾರಿಸಿ ಧಡ್ ಎಂದು ಕ್ಲಚ್ ಬಿಡುವ ಅಭ್ಯಾಸ, ಅಥವಾ ಎಂಜಿನ್‌ಗೆ ಹೊಂದದ ಪ್ಲೇಟ್. ಹಬ್ ಸುತ್ತ ತಗಡು ಬಿರುಕು ಬಿಟ್ಟಿದ್ದರೆ ಎಂಜಿನ್ನೂ ಗೇರ್‌ಬಾಕ್ಸೂ ಒಂದೇ ನೇರದಲ್ಲಿಲ್ಲ: ಎರಡನ್ನೂ ನೇರಕ್ಕೆ ಕೂರಿಸುವ ಡೋವೆಲ್ ಪಿನ್ ಕಾಣೆಯಾಗಿದೆ, ಪೈಲಟ್ ಬೇರಿಂಗ್ ಸವೆದಿದೆ, ಇಲ್ಲವೇ ಕಳೆದ ಸಲ ಕೂರಿಸುವಾಗ ಗೇರ್‌ಬಾಕ್ಸ್‌ನ ತೂಕವನ್ನೆಲ್ಲ ಪ್ಲೇಟ್ ಹಬ್ ಮೇಲೆ ನೇತುಹಾಕಿದ್ದರು.

ಮತ್ತೆ ಕೂರಿಸುವಾಗ

ಫ್ಲೈವೀಲ್ ಮುಖದ ಓರೆಯನ್ನು ಡಯಲ್ ಗೇಜ್‌ನಿಂದ ನೋಡಿ. ಭಾರೀ ಲಾರಿಗಳಿಗೆ 0.2 ಮಿ.ಮೀ. ಆಸುಪಾಸಿನ ಮಿತಿ ಸಾಮಾನ್ಯ. ನಿಮ್ಮ ಮಾದರಿಯ ಕೈಪಿಡಿ ಹೇಳಿದ್ದೇ ಕೊನೆಯ ಮಾತು. ಲೇತ್‌ಗೆ ಕೊಟ್ಟರೆ ಒಂದು ವಿಷಯ ಹೇಳಿ ಕಳಿಸಿ: ಮುಖಕ್ಕೂ ಪ್ರೆಷರ್ ಪ್ಲೇಟಿನ ಕವರ್ ಕೂರುವ ಅಂಚಿಗೂ ಮೆಟ್ಟಿಲು ಇರುವ ಫ್ಲೈವೀಲ್‌ನಲ್ಲಿ ಎರಡನ್ನೂ ಒಂದೇ ಅಳತೆ ಕೊರೆಯಬೇಕು. ಮುಖವನ್ನು ಮಾತ್ರ ಕೊರೆದರೆ ಪ್ಲೇಟ್ ಆಳಕ್ಕೆ ಹೋಗಿ ಸ್ಪ್ರಿಂಗ್ ಹೊಸದರಲ್ಲೇ ಅರ್ಧ ಸವೆದ ಸ್ಥಿತಿಯಲ್ಲಿ ಕೂರುತ್ತದೆ. ‘ಎಲ್ಲ ಹೊಸದು ಹಾಕಿದರೂ ಮತ್ತೆ ಬೇಗ ಹೋಯಿತು’ ಎನ್ನುವ ಲಾರಿಗಳಲ್ಲಿ ನಾನು ಮೊದಲು ಕೇಳುವುದು ಫ್ಲೈವೀಲನ್ನು ಎಲ್ಲಿ ಕೊರೆಸಿದಿರಿ ಎಂದು.

ಪೈಲಟ್ ಬೇರಿಂಗ್ ಮತ್ತು ರಿಲೀಸ್ ಬೇರಿಂಗ್ ಹಳೆಯದನ್ನೇ ಉಳಿಸುವುದು ಉಳಿತಾಯವಲ್ಲ, ಅದೇ ಕೂಲಿಯನ್ನು ಎರಡು ಸಲ ಕೊಡುವುದು. ಸ್ಪ್ಲೈನ್‌ಗೆ ತೆಳುವಾಗಿ ಗ್ರೀಸ್ ಸವರಿ, ಪ್ಲೇಟನ್ನು ಒಮ್ಮೆ ಹಾಕಿ ತೆಗೆದು ಹೊರಬಂದ ಗ್ರೀಸ್ ಒರೆಸಿ. ನಡುವೆ ಕೂರಿಸುವ ಶಾಫ್ಟ್ ಬಳಸಿ, ಕವರ್ ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಒಂದು ಕಡೆಯಿಂದ ಎಳೆದರೆ ಕವರ್ ಸೊಟ್ಟಗಾಗಿ ಪ್ರೆಷರ್ ಪ್ಲೇಟ್ ಓರೆಯಾಗಿ ಎದ್ದೇಳುತ್ತದೆ. ಗೇರ್‌ಬಾಕ್ಸ್ ಪೂರ್ತಿ ಕೂರುವವರೆಗೆ ಜಾಕ್ ತೆಗೆಯಬೇಡಿ, ಬೋಲ್ಟ್‌ಗಳಿಂದ ಎಳೆದು ಕೂರಿಸಬೇಡಿ.

ಶಾಖ ತಡೆಯಲೆಂದು ಸಾಧಾರಣ ಲೈನಿಂಗ್ ಬದಲು ಸೆರಾಮಿಕ್ ಗುಂಡಿಗಳ ಪ್ಲೇಟ್ ಕೇಳುವವರಿದ್ದಾರೆ. ಅದು ಶಾಖ ತಡೆಯುತ್ತದೆ, ನಿಜ. ಆದರೆ ಹಾಫ್ ಕ್ಲಚ್‌ನಲ್ಲಿ ಮೆಲ್ಲಗೆ ಸರಿಯುವುದನ್ನು ಸಹಿಸುವುದಿಲ್ಲ, ಥಟ್ಟನೆ ಹಿಡಿಯುತ್ತದೆ, ಎದುರಿನ ಕಬ್ಬಿಣವನ್ನು ಬೇಗ ಸವೆಸುತ್ತದೆ. ತಯಾರಕರು ಆ ಮಾದರಿಗೆ ಕೊಟ್ಟಿದ್ದರೆ ಸರಿ. ಡ್ರೈವರ್ ಅಭ್ಯಾಸಕ್ಕೆ ಮದ್ದೆಂದು ಬೇಡ.

ಮೊದಲ ಕೆಲವು ನೂರು ಕಿಲೋಮೀಟರ್ ಏರಿನಲ್ಲಿ ಪೂರ್ತಿ ಲೋಡ್ ಎಬ್ಬಿಸುವುದನ್ನು ಆದಷ್ಟು ತಪ್ಪಿಸಿ. ಹೊಸ ಲೈನಿಂಗ್ ಪೂರ್ತಿ ಕೂರುವವರೆಗೆ ಅಲ್ಲಲ್ಲಿ ಮಾತ್ರ ಹಿಡಿಯುತ್ತದೆ, ಹಿಡಿದಲ್ಲೇ ಸುಡುತ್ತದೆ. ಲಾರಿ ಹೊರಹೋಗುವ ದಿನ ಪೆಡಲ್ ಪ್ಲೇ, ಬೂಸ್ಟರ್ ಪುಶ್‌ರಾಡ್ ಸರಿಯುವ ದೂರ, ಸವೆತ ತೋರಿಸುವ ಪಿನ್ ಇದ್ದರೆ ಅದರ ಉದ್ದ, ಮೂರನ್ನೂ ಲಾಗ್ ಪುಸ್ತಕದಲ್ಲಿ ಬರೆದಿಡಿ. ಸುಮಾರು ಸಾವಿರ ಕಿಲೋಮೀಟರ್ ಓಡಿದ ಮೇಲೆ ಮತ್ತೆ ಅಳೆಯಿರಿ. ಹೊಸ ಲೈನಿಂಗ್ ಕೂರುವಾಗ ತುಸು ಬದಲಾವಣೆ ಸಹಜ, ಆಮೇಲೆ ಅದು ನಿಲ್ಲಬೇಕು. ಮುಂದಿನ ಅಳತೆಯಲ್ಲೂ ಅಷ್ಟೇ ವೇಗವಾಗಿ ಸರಿಯುತ್ತಿದ್ದರೆ ಲಾರಿಯನ್ನು ನಿಲ್ಲಿಸಿ, ಎಂಜಿನ್ ಬಿಸಿಯಿರುವಾಗಲೇ ಬೂಸ್ಟರ್‌ನ ಸ್ಕ್ರೂ ಸಡಿಲಿಸಿ ನೋಡುವ ಪರೀಕ್ಷೆಯಿಂದ ಮತ್ತೆ ಶುರು ಮಾಡಿ.